ನೀಲಿ ತೋರಿಸು

ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ನಮ್ಮ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, "ಶುಕ್ರವಾರ ಸಂತಾಪ ಸಭೆ ಇಟ್ಟೀವಿ. ಅವರ ಕೂಡ ಭಾಳ ದಿನ ಕೆಲಸ ಮಾಡಿದಾಂವ ನೀನೇ. ನಾಕು ಸಾಲು ಬರ್ಕೊಂಡು ಬಾ, ಓದಿದ್ರಾತು" ಅಂದರು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಸೀಸೆಗಳಿಗೆ ಚೀಟಿ ಬರೆದು ಅಂಟಿಸುವುದು ಬಿಟ್ಟರೆ ನನ್ನ ಕೈಯಿಂದ ಬರವಣಿಗೆ ಆಗಿದ್ದಿಲ್ಲ. ಎರಡು ಸಂಜೆ ಕೂತೆ, ನಾಲ್ಕು ಸಾಲು ಆಗಲಿಲ್ಲ. ಯಾಕೆಂದರೆ ವಿಭಾಗದಲ್ಲಿ ಅವರ ಬಗ್ಗೆ ಉಳಿದಿರುವುದು ಒಂದೇ ಕತೆ. ಇಡೀ ನೌಕರಿಯಲ್ಲಿ ಒಂದೇ ಒಂದು ಸಲ ಅವರ ರೀಡಿಂಗ್ ತಪ್ಪಿತ್ತು ಎನ್ನುವುದು. ಆ ಕತೆ ಸುಳ್ಳು ಎಂದು ನನಗೆ ಗೊತ್ತಿತ್ತು. ಅದನ್ನು ಬಿಟ್ಟು ಬರೆದರೆ ಅವರಿಗೆ ಅನ್ಯಾಯ, ಸೇರಿಸಿ ಬರೆದರೆ ನನ್ನ ಮುಖಕ್ಕೆ ಮಸಿ. ಸಭೆ ಮುಗಿದು ಈಗ ಒಂದು ತಿಂಗಳಾಗಿದೆ. ಆವತ್ತು ಕಾಗದದಲ್ಲಿ ಆಗದ್ದನ್ನು ಈಗ ಬರೆಯುತ್ತಿದ್ದೇನೆ.

ಅವರ ಹೆಸರು ಹೇಳುವುದಿಲ್ಲ. ಹುಡುಗರು ಅವರನ್ನು ಕಾಕಾ ಅನ್ನುತ್ತಿದ್ದರು, ನಾನು ಅಣ್ಣಾರ ಅನ್ನುತ್ತಿದ್ದೆ. ಇಬ್ಬರೂ ಕೊಪ್ಪಳದ ಒಂದೇ ಲ್ಯಾಬಿನ ಅಟೆಂಡರುಗಳು. ಅವರದು ಕಾಯಂ ನೌಕರಿ, ನನ್ನದು ವರ್ಷಕ್ಕೊಮ್ಮೆ ಮುಖ್ಯಸ್ಥರ ಸಹಿ ಬಿದ್ದರೆ ಮುಂದುವರಿಯುವ ಗುತ್ತಿಗೆ. ಇವತ್ತಿಗೂ ಅದೇ. ಅವರು ನಿವೃತ್ತರಾದ ಮೇಲೆ ಅವರ ಜಾಗ ಖಾಲಿಯೇ ಇದೆ, ಇಬ್ಬರ ಕೆಲಸ ಒಬ್ಬನ ಮೊಣಕಾಲಿನ ಮೇಲೆ ಬಂದು ಕೂತಿದೆ.

ನಾನು ಲ್ಯಾಬಿಗೆ ಸೇರಿದಾಗ ಮೂವತ್ತು ದಾಟಿದ್ದೆ. ಅದಕ್ಕೂ ಮೊದಲು ಕುಷ್ಟಗಿಯಲ್ಲಿ ಗ್ರಾನೈಟ್ ಪಾಲಿಷ್ ಮಾಡುತ್ತಿದ್ದೆ. ಎಂಥಾ ಕಲ್ಲಿಗೂ ಕನ್ನಡಿಯಂಥ ಮಿಂಚು ತರುವವನು ಎಂಬ ಗರ್ವ ಇತ್ತು. ಮೊದಲನೇ ದಿನ ಗಾಜಿನ ಸಾಮಾನು ತೊಳೆಯಲು ಕೊಟ್ಟರು. ಒಂದು ತಾಸಿನಲ್ಲಿ ಎಲ್ಲಾ ಫಳಫಳ ತೊಳೆದಿಟ್ಟೆ. ಅವರು ಒಂದು ಫ್ಲಾಸ್ಕನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ಕೆಳಗಿಟ್ಟರು.

"ಛಲೋ ಮಿಂಚಾಕತ್ತೈತಿ."

"ಹೌದಲ್ರಿ ಅಣ್ಣಾರ."

"ಮಿಂಚೂದು ಬ್ಯಾರೆ, ಸ್ವಚ್ಛ ಇರೂದು ಬ್ಯಾರೆ ತಮ್ಮಾ. ನೀರಿನ ಹನಿ ಗಾಜಿಗೆ ಅಂಟಿ ನಿಂತೈತಿ ನೋಡು. ಸ್ವಚ್ಛ ಗಾಜಿನ ಮ್ಯಾಲೆ ನೀರು ನಿಲ್ಲಂಗಿಲ್ಲ, ಜಾರಿ ಇಳೀತೈತಿ. ಇನ್ನೊಮ್ಮಿ ತೊಳಿ."

ಇನ್ನೊಮ್ಮೆ ಅಲ್ಲ, ಆವತ್ತು ನಾಲ್ಕು ಸಲ ತೊಳೆಸಿದರು. ಸಂಜೆಗೆ ನನ್ನ ಬೆರಳು ಮುದುಕಿಯ ಕೆನ್ನೆಯಂತೆ ಸುಕ್ಕಾಗಿದ್ದವು. ಊರಿಗೆ ಹೋಗುವ ಬಸ್ಸಿನಲ್ಲಿ ಕೂತು, ನಾಳೆ ಬರಬಾರದು ಅಂದುಕೊಂಡೆ. ಮರುದಿನ ಹೋದೆ. ಅವರು ಒಂದು ಚಹಾ ಮುಂದಿಟ್ಟರು.

ಅವರು ಓದಿದ್ದು ನಾಲ್ಕನೇ ತರಗತಿ. ಇಂಗ್ಲಿಷ್ ಚೀಟಿಗಳನ್ನು ಅಕ್ಷರ ಅಕ್ಷರ ಹಿಡಿದು ಓದುತ್ತಿದ್ದರು. ಅರ್ಧ ಸೀಸೆಗಳನ್ನು ಮೂಗಿನಿಂದಲೇ ಗುರುತಿಸುತ್ತಿದ್ದರು. ಕೈಬೆರಳುಗಳು ಸಿಲ್ವರ್ ನೈಟ್ರೇಟ್ ತಾಗಿ ತಾಗಿ ಕಪ್ಪಾಗಿದ್ದವು. ಮದುವೆ ಪಂಕ್ತಿಯಲ್ಲಿ ಕೂತರೆ ಬಡಿಸುವವರು ಆ ಕೈ ನೋಡಿ ಹಿಂದೆ ಮುಂದೆ ನೋಡುತ್ತಿದ್ದರು. "ತೊಳದೀನವ್ವಾ, ನೀಡು. ಇದು ಹೊಲಸಲ್ಲ, ಬೆಳ್ಳಿ" ಅನ್ನುತ್ತಿದ್ದರು.

ಗಂಧಕಾಮ್ಲವನ್ನು ಅವರು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು, ಸುರಿದರೆ ಸಿಡಿಯುತ್ತದೆ ಎಂದು ಪ್ರತಿ ವರ್ಷ ಮೇಷ್ಟ್ರುಗಳು ಪಾಠ ಮಾಡುತ್ತಿದ್ದರು, ಪ್ರತಿ ವರ್ಷ ಯಾರಾದರೂ ಒಬ್ಬರು ಅಂಗಿ ಸುಟ್ಟುಕೊಳ್ಳುತ್ತಿದ್ದರು. ಕಾಕಾ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದರು: "ದೊಡ್ಡಪ್ಪ ನಮ್ಮ ಮನಿಗೆ ಮೆಲ್ಲಕ ಬರ್ತಾನ, ಬರ್ಲಿ. ನಾವು ದಬಾಯಿಸಿಕೊಂಡು ಅವನ ಮನಿಗೆ ಹೋಗಬಾರದು." ಈ ಮಾತು ಕೇಳಿದವರು ಯಾರೂ ಅಂಗಿ ಸುಟ್ಟುಕೊಂಡಿದ್ದಿಲ್ಲ.

ಪರೀಕ್ಷೆ ಬಂದರೆ ಹುಡುಗಿಯರು ಸುತ್ತ ನಿಲ್ಲುತ್ತಿದ್ದರು.

"ಕಾಕಾ, ನನ್ನ ಟ್ಯೂಬಿನಾಗ ಯಾವ ಉಪ್ಪು ಐತಿ, ಒಂದಕ್ಷರ ಹೇಳ್ರಿ ಸಾಕು."

"ನಾ ಹೇಳಿದ್ರ ನಾ ಪಾಸಾಕ್ಕೀನಿ, ನೀ ಅಲ್ಲ. ನಾ ಪಾಸಾಗಿ ಏನ್ ಮಾಡ್ಲಿ, ಈ ವಯಸ್ಸಿಗೆ ನೌಕರಿ ಯಾರು ಕೊಡ್ತಾರ?"

ಆದರೆ ಅವರ ಜೀವ ಇದ್ದದ್ದು ಎರಡು ಕಡೆ. ಒಂದು ನೀರು, ಇನ್ನೊಂದು ರೀಡಿಂಗ್.

ನಮ್ಮ ಕಡೆಯ ಬೋರಿನ ನೀರು ಎಂಥಾದ್ದು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಕೊಡದ ತಳ ನೋಡಿದರೆ ಸಾಕು. ಆ ನೀರನ್ನು ಕುದಿಸಿ, ಆವಿ ಮಾಡಿ, ತಣಿಸಿ ಡಿಸ್ಟಿಲ್ ನೀರು ಮಾಡುವ ಯಂತ್ರ ಒಂದು ನಮ್ಮ ಒಳಕೋಣೆಯಲ್ಲಿದೆ. ಕರೆಂಟಿನ ಮೇಲೆ ನಡೆಯುತ್ತದೆ, ಹನಿ ಹನಿಯಾಗಿ ಕೊಡುತ್ತದೆ. ಒಂದು ಕ್ಯಾನು ತುಂಬಲು ಅರ್ಧ ದಿನ ಹಿಡಿಯುತ್ತದೆ. ವಾರಕ್ಕೊಮ್ಮೆ ಅದರ ಹೊಟ್ಟೆಯಲ್ಲಿ ಸುಣ್ಣ ಕಟ್ಟುತ್ತಿತ್ತು. ಅವರು ಮನೆಯಿಂದ ಹುಣಸೆಹಣ್ಣು ತಂದು ನೆನೆಹಾಕಿ ಅದನ್ನು ತಿಕ್ಕುತ್ತಿದ್ದರು. ಅದಕ್ಕೆಂದೇ ಲ್ಯಾಬಿನಲ್ಲಿ ಆಮ್ಲ ಇದೆಯಲ್ಲಾ ಎಂದರೆ, "ದೊಡ್ಡಪ್ಪನ ಪೈಕಿಯವರನ್ನ ಪಾತ್ರಿ ತಿಕ್ಕಾಕ ಹಚ್ಚಬಾರದು" ಅನ್ನುತ್ತಿದ್ದರು.

ಇನ್ನು ರೀಡಿಂಗ್. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ, ಮರುದಿನ ಹುಡುಗರು ಮಾಡಬೇಕಾದ ಪ್ರಯೋಗವನ್ನು ಒಬ್ಬರು ತಾವೇ ಮಾಡಿ ನೋಡಬೇಕು. ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆ, ಬ್ಯೂರೆಟ್ಟು, ಅದರಿಂದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗಿದ ಕ್ಷಣದಲ್ಲಿ ಎಷ್ಟು ಖರ್ಚಾಯಿತು ಎಂದು ಗೆರೆ ಓದಬೇಕು. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಪರೀಕ್ಷಕರಿಗೆ ಕೊಡುತ್ತಾರೆ. ಹುಡುಗರ ಅಂಕಿ ಅದಕ್ಕೆ ಎಷ್ಟು ಹತ್ತಿರವೋ ಅಷ್ಟು ಮಾರ್ಕು. ಪಿಎಚ್‌ಡಿ ಆದ ನಾಲ್ಕು ಜನ ಮೇಷ್ಟ್ರು ಇದ್ದರೂ ನಮ್ಮಲ್ಲಿ ಆ ಅಂಕಿ ಬರುತ್ತಿದ್ದುದು ನಾಲ್ಕನೇ ತರಗತಿ ಓದಿದವರ ಕಣ್ಣಿನಿಂದ. ಯಾರೂ ಅದನ್ನು ಎರಡನೇ ಸಲ ನೋಡುತ್ತಿದ್ದಿಲ್ಲ. ರೀಡಿಂಗ್ ತೆಗೆಯುವಾಗ ಅವರು ಉಸಿರು ಹಿಡಿಯುತ್ತಿದ್ದರು. ಆಮೇಲೆ ರಿಜಿಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಅಂಕಿ ಬರೆದು, ಪೆನ್ನಿನ ಮುಚ್ಚಳ ಹಾಕಿ, ಹೊರಗೆ ಹೋಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಇಡೀ ಮೈಯಲ್ಲಿ ಗರ್ವ ಎಂಬುದು ಇದ್ದರೆ ಆ ಎಲೆ ಅಡಿಕೆಯಲ್ಲಿತ್ತು.

ಈಗ ಆ ವರ್ಷದ ಮಾತು.

ಮರುದಿನ ಪರೀಕ್ಷೆ, ನೀರಿನ ಗಡಸುತನ ಅಳೆಯುವ ಪ್ರಯೋಗ. ಕೊಟ್ಟ ದ್ರಾವಣಕ್ಕೆ ಹುಡುಗರು ಡಿಸ್ಟಿಲ್ ನೀರು ಬೆರೆಸಿ ಅಳೆಯಬೇಕು, ಬೆರೆಸುವ ನೀರಿನಲ್ಲೇ ಸುಣ್ಣವಿದ್ದರೆ ಅಂಕಿ ಏರುತ್ತದೆ. ಬೆಳಿಗ್ಗೆ ಒಂದು ಬ್ಯಾಚು, ಮಧ್ಯಾಹ್ನ ಒಂದು, ಎರಡಕ್ಕೂ ಬೇರೆ ಬೇರೆ ದ್ರಾವಣ. ಅವರು ಎರಡರ ರೀಡಿಂಗೂ ತೆಗೆದಿಟ್ಟು, ಹೋಗುವ ಮುಂಚೆ ಕೇಳಿದರು.

"ನೀರು?"

"ಎರಡೂ ಕ್ಯಾನು ತುಂಬ್ಯಾವ್ರಿ ಅಣ್ಣಾರ. ನೀವು ನಡೀರಿ."

ತುಂಬಿದ್ದು ಒಂದೇ. ಎರಡನೆಯದರಲ್ಲಿ ತಳದಲ್ಲಿ ಒಂದಿಷ್ಟಿತ್ತು. ನಮ್ಮೂರು ಇಟಗಿಯ ಹತ್ತಿರ, ಆ ಸಂಜೆ ಬಸ್ಸು ತಪ್ಪಿದರೆ ಯಲಬುರ್ಗಾ ಕಡೆಯ ಟಂಟಂ ಗಾಡಿ ಹುಡುಕುತ್ತಾ ನಿಲ್ಲಬೇಕು. ಬೆಳಿಗ್ಗೆ ಬೇಗ ಬಂದು ಯಂತ್ರ ಹಚ್ಚಿದರಾಯಿತು ಎಂದು ಹೋದೆ. ಬೆಳಿಗ್ಗೆ ಬೇಗ ಬಂದೆ ಕೂಡ. ಕರೆಂಟಿದ್ದಿಲ್ಲ. ಹತ್ತಕ್ಕೆ ಬರುತ್ತದೆ ಅಂದರು, ಹನ್ನೊಂದು ಅಂದರು. ಮೊದಲ ಬ್ಯಾಚು ಒಂದು ಕ್ಯಾನು ಮುಗಿಸಿತು. ಹೋಗಿ ಅವರ ಮುಂದೆ ನಿಂತು, ಅಣ್ಣಾರ, ನಿನ್ನೆ ಸುಳ್ಳು ಹೇಳಿದೆ, ನೀರಿಲ್ಲ ಅಂದಿದ್ದರೆ ಸ್ಕೂಟರಿನವರು ಯಾರಾದರೂ ಬೇರೆ ಕಾಲೇಜಿಗೆ ಹೋಗಿ ಒಂದು ಕ್ಯಾನು ತರುತ್ತಿದ್ದರು. ಅಷ್ಟೇ ಕೆಲಸ. ನನ್ನ ಬಾಯಿ ಏಳಲಿಲ್ಲ. ಎರಡನೇ ಕ್ಯಾನನ್ನು ನಲ್ಲಿಯ ಕೆಳಗಿಟ್ಟೆ. ನೋಡಲು ಆ ನೀರೂ ಅಷ್ಟೇ ತಿಳಿಯಾಗಿತ್ತು.

ಮಧ್ಯಾಹ್ನದ ಬ್ಯಾಚಿನಲ್ಲಿ ಇಪ್ಪತ್ತು ಜನ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಒಬ್ಬೊಬ್ಬರ ಹಾಳೆ ನೋಡುತ್ತಾ ಬಂದವರು ನಡುವೆ ನಿಂತರು.

"ಸ್ಟ್ಯಾಂಡರ್ಡ್ ರೀಡಿಂಗ್ ಹದಿನಾಲ್ಕು ಪಾಯಿಂಟ್ ಎರಡು ಇದೆ. ನಿಮ್ಮೆಲ್ಲರದೂ ಹದಿನಾರರ ಮೇಲಿದೆ. ಎಲ್ಲರಿಗೂ ಒಂದೇ ತಪ್ಪು ಹೇಗೆ ಬರುತ್ತೆ? ಒಬ್ಬರದನ್ನ ಒಬ್ಬರು ನೋಡಿ ಬರೆದಿದ್ದೀರಿ. ನಾನು ಇದನ್ನ ರಿಪೋರ್ಟ್ ಮಾಡಬೇಕಾಗುತ್ತೆ."

ನವಲಿಯ ಹುಡುಗಿಯೊಬ್ಬಳಿದ್ದಳು, ಯಾವಾಗಲೂ ತಲೆ ಬಗ್ಗಿಸಿ ಕೆಲಸ ಮಾಡುವವಳು. "ಸರ್, ನಾ ಮೂರು ಸಲ ಮಾಡೀನ್ರಿ. ಮೂರೂ ಸಲ ಅಷ್ಟೇ ಬಂತ್ರಿ. ನಾ ಯಾರದೂ ನೋಡಿಲ್ರಿ" ಎಂದು ಹೇಳುತ್ತಾ ಹೇಳುತ್ತಾ ಅತ್ತಳು. ಅವಳ ಹಿಂದೆ ಇನ್ನಿಬ್ಬರು ಶುರು ಮಾಡಿದರು.

ಅಣ್ಣಾರು ಗೋಡೆಗೆ ಆನಿಕೊಂಡು ನಿಂತಿದ್ದವರು ಒಳಕೋಣೆಗೆ ಬಂದರು. ಇಪ್ಪತ್ತು ಜನರ ತಪ್ಪು ಒಂದೇ ಕಡೆಗೆ ವಾಲಿದರೆ ತಪ್ಪು ಜನರದಲ್ಲ, ನೀರಿನದು ಎಂದು ಅವರಿಗೆ ತಿಳಿಯಲು ಯಾವ ಪುಸ್ತಕವೂ ಬೇಕಿದ್ದಿಲ್ಲ.

"ತಮ್ಮಾ, ಈ ನೀರು ಯಾವತ್ತಿಂದು?"

"ನಿನ್ನೇದ್ರಿ. ನಿನ್ನಿ ಸಂಜಿ ತುಂಬಿದ್ದು."

ಅವರು ಒಂದು ಟೆಸ್ಟ್ ಟ್ಯೂಬಿಗೆ ಕ್ಯಾನಿನ ನೀರು ಹಿಡಿದರು. ಅಮೋನಿಯಾದ ದ್ರಾವಣ ಸ್ವಲ್ಪ ಹಾಕಿ, ಪ್ರಯೋಗದ ಬಣ್ಣದ ಪುಡಿಯನ್ನು ಚಿಟಿಕೆ ಉದುರಿಸಿದರು. ಡಿಸ್ಟಿಲ್ ನೀರಾದರೆ ಅದು ನೀಲಿಯಾಗಬೇಕು. ಕುಷ್ಟಗಿ ದಾಳಿಂಬೆಯ ಕಾಳಿನಂತೆ ಕೆಂಪಗಾಯಿತು. ಅದನ್ನು ನನ್ನ ಮುಖದ ಮುಂದೆ ಹಿಡಿದು ನಿಂತರು. ಎಷ್ಟು ಹೊತ್ತು ನಿಂತರೋ, ಹೊರಗಿನ ಅಳು ಕೇಳುತ್ತಲೇ ಇತ್ತು. ನಾನು ಟ್ಯೂಬನ್ನು ನೋಡುತ್ತಿದ್ದೆ, ಅವರ ಮುಖವನ್ನಲ್ಲ.

ಅವರು ಟ್ಯೂಬನ್ನು ಸಿಂಕಿಗೆ ಚೆಲ್ಲಿ, ತೊಳೆದು, ಬೋರಲು ಹಾಕಿ ಹೊರಗೆ ಹೋದರು.

"ಸರ್, ತಪ್ಪು ಹುಡುಗರದಲ್ರಿ. ರೀಡಿಂಗ್ ನಂದು. ನಿನ್ನಿ ಸಂಜಿ ಬೆಳಕು ಕಡಿಮಿ ಇತ್ತು, ಗೆರಿ ತಪ್ಪಿ ಓದೀನಿ. ನಿಮ್ಮ ಮುಂದ ಮತ್ತ ತಗೀತೀನ್ರಿ."

ಅದೇ ಕ್ಯಾನಿನ ನೀರಿನಿಂದ ದ್ರಾವಣ ಮಾಡಿದರು. ಪರೀಕ್ಷಕರು ಪಕ್ಕದಲ್ಲಿ ನಿಂತಿದ್ದರು. ಅಣ್ಣಾರ ಉಸಿರು ಹಿಡಿಯುವ ಅಭ್ಯಾಸ ಆವತ್ತೂ ಬಿಡಲಿಲ್ಲ. ಹದಿನಾರು ಪಾಯಿಂಟ್ ಒಂದು. ಪರೀಕ್ಷಕರು ಚೀಟಿಯ ಮೇಲಿನ ಅಂಕಿಗೆ ಅಡ್ಡಗೆರೆ ಎಳೆದು ಹೊಸದನ್ನು ಬರೆದು, "ವಯಸ್ಸಾಯ್ತು ಯಜಮಾನರೇ, ಕಣ್ಣು ತೋರಿಸಿಕೊಳ್ಳಿ" ಅಂದರು. ಇಪ್ಪತ್ತೂ ಜನ ಪಾಸಾದರು. ಆವತ್ತು ಅವರು ಎಲೆ ಅಡಿಕೆ ಹಾಕಿಕೊಳ್ಳಲಿಲ್ಲ.

ಮುಂದಿನ ಪರೀಕ್ಷೆಯಿಂದ ರೀಡಿಂಗ್ ತೆಗೆಯುವ ಕೆಲಸವನ್ನು ಒಬ್ಬ ಎಳೆಯ ಲೆಕ್ಚರರಿಗೆ ಕೊಟ್ಟರು. ಈಗಿನ ನಮ್ಮ ಮುಖ್ಯಸ್ಥರೇ ಅವರು. ರಿಜಿಸ್ಟರಿನಲ್ಲಿ ಆ ದಪ್ಪ ಅಕ್ಷರಗಳು ಅಲ್ಲಿಗೆ ನಿಂತವು. ಅಣ್ಣಾರಿಗೆ ಉಳಿದದ್ದು ತೊಳೆಯುವುದು, ತುಂಬುವುದು, ಬಾಗಿಲು ಹಾಕುವುದು.

ಅವರು ಸಂತರೇನಲ್ಲ, ನನ್ನನ್ನು ಕ್ಷಮಿಸಿಬಿಟ್ಟರು ಎಂದು ಬರೆದರೆ ಅದೂ ಸುಳ್ಳಾದೀತು. ಮರುದಿನ ನಾನು ಬಂದಾಗ ಅವರ ಮೇಜಿನ ಮೇಲೆ ಒಂದು ಟ್ಯೂಬು, ಅಮೋನಿಯಾ ದ್ರಾವಣದ ಸೀಸೆ, ಬಣ್ಣದ ಪುಡಿ ಇದ್ದವು.

"ನೀಲಿ ತೋರ್ಸು" ಅಂದರು.

ಕ್ಯಾನಿನ ನೀರು ಹಿಡಿದು, ಪುಡಿ ಹಾಕಿ, ನೀಲಿ ತೋರಿಸಿದೆ. ಅದರ ಮರುದಿನವೂ. ಮಳೆಗಾಲ, ಬೇಸಿಗೆ, ಪರೀಕ್ಷೆ ಇರಲಿ ಬಿಡಲಿ. ಬಂದ ಕೂಡಲೇ, ಚಪ್ಪಲಿ ಬಿಡುವುದರೊಳಗೆ, ನೀಲಿ ತೋರ್ಸು. ಬೇರೆ ಮಾತಿಲ್ಲ. ಒಂದು ವರ್ಷ ನನ್ನ ಜೊತೆ ಚಹಾ ಕುಡಿಯಲಿಲ್ಲ. ನನಗೂ ಸಿಟ್ಟು ಬರುತ್ತಿತ್ತು. ಯಾರ ಕೈಯಲ್ಲೂ ಒಂದು ಮಾತು ಅನ್ನಿಸಿಕೊಳ್ಳದೆ ದುಡಿದವನು ನಾನು, ಕಳ್ಳನಂತೆ ದಿನಾ ಬೆಳಿಗ್ಗೆ ಟ್ಯೂಬು ಹಿಡಿದು ನಿಲ್ಲುವುದು ಎಂದರೇನು? ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ.

"ನನ್ನ ಸಲುವಾಗಿ ಯಾಕ ಸುಳ್ಳು ಹೇಳಿದ್ರಿ? ಅವತ್ತಽ ನನ್ನ ಹೆಸರು ಹೇಳಿದ್ರ ಮುಗೀತಿತ್ತಲ್ರಿ."

ಅವರು ಯಂತ್ರದ ಹೊಟ್ಟೆಯಲ್ಲಿ ಕೈ ಹಾಕಿ ಹುಣಸೆಹುಳಿ ತಿಕ್ಕುತ್ತಿದ್ದರು. ತಿಕ್ಕುವುದು ನಿಲ್ಲಿಸಲಿಲ್ಲ.

"ನಿನ್ನ ಸಲುವಾಗಿ ಅಂತ ಯಾರು ಹೇಳಿದ್ರು? ಆ ಹುಡುಗ್ರು ಅಳಾಕತ್ತಿದ್ರು. ನೀರು ಕೆಟ್ಟೈತಿ ಅಂದ್ರ ಪರೀಕ್ಷಿ ರದ್ದು, ಮತ್ತ ಬಸ್ಸು, ಮತ್ತ ಊರು, ಅರ್ಧ ಹುಡುಗ್ಯಾರನ್ನ ಮನ್ಯಾಗಿನವರು ಮತ್ತ ಕಳಸಂಗಿಲ್ಲ." ಇನ್ನೊಂದಿಷ್ಟು ಹುಣಸೆಹುಳಿ ಬಳಿಯುತ್ತಾ ಅಂದರು: "ನಿನಗೂ ನಾ ಟೈಮ್ ಕೊಟ್ಟಿದ್ದೆ ತಮ್ಮಾ. ಟ್ಯೂಬು ಹಿಡ್ಕೊಂಡು ನಿಂತಿದ್ದೆ. ನೀ ಬಾಯಿ ಬಿಡತಿ ಅಂತ ಕಾದೆ."

ಆ ವಾರವೋ ಮುಂದಿನ ವಾರವೋ ಅವರೇ ಎರಡು ಚಹಾ ತರಿಸಿದರು. ನೀಲಿ ಮಾತ್ರ ಬಿಡಲಿಲ್ಲ.

ಆ ಪರೀಕ್ಷೆ ಆಗಿ ತಿಂಗಳೊಳಗೆ ಅವರಿಗೆ ಚಾಳೀಸು ಬಂದಿತ್ತು. ಕಪ್ಪು ಚೌಕಟ್ಟಿನ ದೊಡ್ಡ ಕನ್ನಡಕ, ಆ ಸಣ್ಣ ಮುಖಕ್ಕೆ ಒಗ್ಗುತ್ತಿದ್ದಿಲ್ಲ. ವಿಚಿತ್ರವೆಂದರೆ, ಬ್ಯೂರೆಟ್ಟಿನ ಹತ್ತಿರ ಬಂದರೆ ಅದನ್ನು ಹಣೆಗೆ ಏರಿಸಿ ಬರಿಗಣ್ಣಿನಿಂದ ನೋಡುತ್ತಿದ್ದರು. ಸೀಸೆಯ ಚೀಟಿ ಓದುವುದಾದರೂ ಹಣೆಗೆ. ಮಾತು ಸರಿಹೋದ ಮೇಲೆ ಒಮ್ಮೆ ಚಾಷ್ಟಿ ಮಾಡಿದೆ.

"ಅಣ್ಣಾರ, ಡಾಕ್ಟರು ಕಣ್ಣಿಗೆ ಕೊಟ್ಟಾರೋ ಹಣಿಗೋ?"

"ಮನ್ಯಾಗ ಹೇಳ್ಯಾರ, ಹಾಕ್ಕೊಂಡೀನಿ" ಅಂದರು. ನಾನು ನಕ್ಕೆ. ಹೆಂಡತಿಯ ಮಾತಿಗೆ ಅಂಜುವ ಗಂಡಸು ಎಂದುಕೊಂಡೆ.

ನಿವೃತ್ತರಾದ ದಿನ ಶಾಲು ಹೊದಿಸಿಕೊಂಡು, ಕೀಲಿಗೊಂಚಲು ನನ್ನ ಕೈಗೆ ಕೊಟ್ಟು, "ಒಂದರ ಬೂಚು ಇನ್ನೊಂದಕ್ಕ ಹಾಕಬ್ಯಾಡ" ಎಂದಷ್ಟೇ ಹೇಳಿ ಹೋದರು. ಅದು ಸೀಸೆಗಳ ಮಾತು. ಬೇರೆ ಏನಾದರೂ ಹೇಳುತ್ತಾರೆ ಎಂದು ಕಾದೆ. ಹೇಳಬೇಕಾದವನು ನಾನು ಎಂದು ಆಗಲೂ ಹೊಳೆಯಲಿಲ್ಲ. ಅಥವಾ ಹೊಳೆದಿತ್ತು, ಗುತ್ತಿಗೆಯ ಸಹಿ ಆ ವಾರವೇ ಇತ್ತು.

ಸಂತಾಪ ಸಭೆ ಲ್ಯಾಬಿನಲ್ಲೇ ಆಯಿತು. ಅವರ ಹೆಂಡತಿಯನ್ನು ಮುಂದಿನ ಸ್ಟೂಲಿನ ಮೇಲೆ ಕೂರಿಸಿದ್ದರು. ಅವರನ್ನು ನಾನು ವೈನಿ ಅನ್ನುತ್ತೇನೆ. ಆ ಎತ್ತರದ ಸ್ಟೂಲಿನಲ್ಲಿ ಅವರ ಕಾಲು ನೆಲಕ್ಕೆ ಹತ್ತುತ್ತಿದ್ದಿಲ್ಲ. ಮುಖ್ಯಸ್ಥರು ಒಳ್ಳೆಯ ಮಾತೇ ಆಡಿದರು. ಆಡುತ್ತಾ ಆಡುತ್ತಾ, "ಇಷ್ಟು ವರ್ಷದಾಗ ಒಂದೇ ಒಂದು ರೀಡಿಂಗ್ ತಪ್ಪಿತ್ತು. ಅದನ್ನೂ ಎಲ್ಲರ ಮುಂದ ತಾವೇ ಒಪ್ಪಿಕೊಂಡರು. ಅದು ಅವರ ದೊಡ್ಡಸ್ತಿಕೆ" ಅಂದರು. ಎಲ್ಲರೂ ತಲೆ ಆಡಿಸಿದರು. ವೈನಿಯವರೂ ಆಡಿಸಿದರು.

ನನ್ನ ಹೆಸರು ಕರೆದರು. ಕಿಸೆಯಲ್ಲಿದ್ದ ಕಾಗದ ಖಾಲಿ ಇತ್ತು.

"ಆ ರೀಡಿಂಗ್ ಸರಿ ಇತ್ತ್ರಿ" ಅಂದೆ. "ಹದಿನಾಲ್ಕು ಪಾಯಿಂಟ್ ಎರಡೇ ಸರಿ. ಕ್ಯಾನಿಗೆ ನಲ್ಲಿ ನೀರು ತುಂಬಿದಾಂವ ನಾನು. ಅವರು ಕೇಳಿದಾಗ ಸುಳ್ಳು ಹೇಳಿದಾಂವ ನಾನು. ಅವರ ಕಣ್ಣು ಛಲೋ ಇದ್ವು."

ಇನ್ನೂ ಹೇಳುವುದಿತ್ತು, ಕಾಗದ ಮಡಚಿ ಕೂತೆ. ನೌಕರಿ ಹೋಗುತ್ತದೆ ಎಂದು ಇಷ್ಟು ವರ್ಷ ಅಂಜಿದ್ದೆನಲ್ಲ, ಯಾರೂ ಬೈಯಲಿಲ್ಲ. ಮುಖ್ಯಸ್ಥರು ನನ್ನನ್ನು ನೋಡಿ, ಗೋಡೆಯ ಗಡಿಯಾರ ನೋಡಿ, "ಆತು ಬಿಡಪ್ಪಾ, ಹಳೇ ಮಾತು. ಈಗ ಯಾರಿಗೆ ಬೇಕಾಗೈತಿ" ಅಂದರು. ಹೊಸ ಮೇಷ್ಟ್ರುಗಳಿಗೆ ನಾನು ಯಾವ ಕ್ಯಾನಿನ ಮಾತಾಡಿದೆ ಎಂದೇ ತಿಳಿಯಲಿಲ್ಲ. ಚಹಾ ಬಂತು. ಇಷ್ಟು ಹಗುರ ಇದ್ದುದನ್ನು ಹೊತ್ತು ಬೆನ್ನು ಬಗ್ಗಿಸಿಕೊಂಡಿದ್ದೆನೇ ಎಂದುಕೊಂಡೆ.

ವೈನಿಯವರನ್ನು ಆಟೋದವರೆಗೆ ಬಿಡಲು ಹೋದೆ. ಗೇಟಿನ ಬೇವಿನ ಮರದ ಕೆಳಗೆ ನಿಂತೆವು. ಅವರು ಬೈದರೆ ಬೈಸಿಕೊಳ್ಳಲು ತಯಾರಿದ್ದೆ.

"ಅವತ್ತು ಮನಿಗೆ ಬಂದಾರ" ಅಂದರು ವೈನಿ. "ಕೈಕಾಲು ತೊಳಕೊಂಡು ಕುಂತು ಒಂದಽ ಮಾತು ಅಂದ್ರು, ನನ್ನ ರೀಡಿಂಗ್ ಸರಿ ಇತ್ತು ಅಂತ. ಯಾರ ಹೆಸರೂ ಹೇಳಲಿಲ್ಲ. ನಾ ಏನಂದೆ ಗೊತ್ತೇನು? ಅಷ್ಟು ಓದಿದ ಸಾಹೇಬ್ರು ತಪ್ಪು ಹೇಳ್ತಾರೇನು, ನಿಮ್ಮ ಕಣ್ಣಽ ಹೋಗ್ಯಾವ ಅಂದೆ. ಎಳಕೊಂಡು ಹೋಗಿ ಗಂಗಾವತ್ಯಾಗ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಡಾಕ್ಟರು, ಏನೂ ಆಗಿಲ್ಲವ್ವಾ, ಚಾಳೀಸು ಬ್ಯಾಡ ಅಂದ್ರು. ನಾ ಬಿಡಲಿಲ್ಲ. ಅಂಗಡ್ಯಾಗ ಹಠ ಹಿಡಿದು ಹಾಕಿಸಿದೆ. ಒಂದು ಮಾತು ಆಡಲಿಲ್ಲ, ಹಾಕ್ಕೊಂಡ್ರು. ಸಾಯೂತನಕ ಹಾಕ್ಕೊಂಡ್ರು."

ಆಟೋ ಬಂದು ನಿಂತಿತು. ವೈನಿ ಸಭೆಯಲ್ಲಿ ಕೊಟ್ಟ ಶಾಲನ್ನು ಮಡಚಿ ಎದೆಗೆ ಹಿಡಿದು ಹತ್ತಿ ಕೂತರು. ನಾನು ಏನಾದರೂ ಹೇಳಬೇಕೆಂದು ಬಾಗಿದೆ.

"ನೀ ಎದ್ದು ನಿಂತು ಹೇಳಿದಿ" ಅಂದರು. "ನಾ ಯಾರ ಮುಂದ ಹೇಳ್ಲಿ?"